1971ರ ಐಎನ್‌ಎಸ್ ರಜಪೂತ್ ಮಾದರಿ: ಯಾವ ಚಿತ್ರ ಸರಿ? ಫಲಕದಲ್ಲಿ ಏನು ಬರೆಯೋದು?

ಮಂಡಿಪೇಟೆ ಮಾದರಿ (ದಾವಣಗೆರೆ):
ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಪಿಯು ಕಾಲೇಜಿನ ಮಕ್ಕಳು 1971ರ ಯುದ್ಧದಲ್ಲಿ ವಿಶಾಖಪಟ್ಟಣದ ಹತ್ತಿರ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯ ಪ್ರಕರಣದ ಐಎನ್‌ಎಸ್ ರಜಪೂತ್ ಮಾಡ್ತಿದ್ದಾರೆ. ಅಳತೆ 1:100, ಥರ್ಮಾಕೋಲ್ ಮತ್ತು ಪ್ಲೈವುಡ್. ಸಿಕ್ಕ ಚಿತ್ರಗಳಲ್ಲಿ ಒಂದರಲ್ಲಿ ಕ್ಷಿಪಣಿ, ಇನ್ನೊಂದರಲ್ಲಿ ಬರೀ ತೋಪು. ಯಾವುದು ಸರಿ? ಪಕ್ಕದ ಫಲಕಕ್ಕೆ ಹಡಗಿನ ಚರಿತ್ರೆಯೂ ಬೇಕು.

ದುರ್ಗದ ನಾವಿಕ:
ಕ್ಷಿಪಣಿ ಇರೋದನ್ನ ತೆಗೆದುಹಾಕಿ. ಅದು ಆಮೇಲೆ ಬಂದ ಇನ್ನೊಂದು ರಜಪೂತ್, ಸೋವಿಯತ್ ನಿರ್ಮಿತ (ಹಡಗಿನ ಸಂಖ್ಯೆ ಡಿ51), ಸೇವೆಗೆ ಬಂದಿದ್ದೇ 1980ರಲ್ಲಿ, ನಿವೃತ್ತಿ 2021ರಲ್ಲಿ. ಹೆಸರು ಒಂದೇ ಆಗಿದ್ದಕ್ಕೆ ಪತ್ರಿಕೆಗಳಲ್ಲೂ ಇದೇ ಚಿತ್ರ ಹಾಕಿಬಿಡ್ತಾರೆ.

ನಿಮಗೆ ಬೇಕಾದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಡೆಸ್ಟ್ರಾಯರ್ (ವೇಗದ ಯುದ್ಧನೌಕೆ). ಮೂಲ ಹೆಸರು ಎಚ್‌ಎಂಎಸ್ ರೋದರ್‌ಹ್ಯಾಂ, ಆರ್ ವರ್ಗ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿ ಕಟ್ಟಿದ್ದು. 1942ರ ಮಾರ್ಚ್‌ನಲ್ಲಿ ನೀರಿಗಿಳಿದು ಆಗಸ್ಟ್‌ನಲ್ಲಿ ಸಿದ್ಧವಾಯ್ತು. ಹಿಂದೂ ಮಹಾಸಾಗರದಲ್ಲಿ ಬ್ರಿಟಿಷರ ಈಸ್ಟರ್ನ್ ಫ್ಲೀಟ್ ಎಂಬ ಹಡಗುಪಡೆಯ ಜೊತೆಗಿತ್ತು. 1944ರ ಏಪ್ರಿಲ್‌ನಲ್ಲಿ ಸುಮಾತ್ರಾದ ಸಬಾಂಗ್ ಮೇಲೆ ವಿಮಾನದಾಳಿಗೆ ಹೋದ ನೌಕಾಪಡೆಯಲ್ಲೂ ಇತ್ತು. 1949ರಲ್ಲಿ ಅದೇ ವರ್ಗದ ರೆಡೌಟ್, ರೈಡರ್ ಜೊತೆ ನಮ್ಮ ನೌಕಾಪಡೆಗೆ ಬಂತು. ಅವೆರಡು ರಂಜಿತ್, ರಾಣಾ ಆದವು, ಇದು ರಜಪೂತ್. 1976ರ ಹೊತ್ತಿಗೆ ಇದರ ಕಥೆ ಮುಗಿಯಿತು.

ಗುರುತು: ಚಿಮಣಿ ಒಂದೇ. ಮುಂದೆ ಒಂದರ ಹಿಂದೆ ಒಂದು ಮೆಟ್ಟಿಲಿನಂತೆ ಎರಡು ತೋಪು, ಹಿಂಭಾಗದಲ್ಲೂ ಹಾಗೇ ಎರಡು. ನಾಲ್ಕೂ 4.7 ಇಂಚಿನ ಒಂಟಿ ತೋಪುಗಳು. ಚಿಮಣಿಯ ಹಿಂದೆ ನಾಲ್ಕು ನಾಲ್ಕು ಕೊಳವೆಯ ಎರಡು ಟಾರ್ಪಿಡೊ ಜೋಡಣೆ.

ಮಾದರಿ ಕೆಲಸ:
ಅಳತೆ ನಾನು ಹೇಳ್ತೀನಿ. ಉದ್ದ 109 ಮೀಟರ್, ಅಗಲ ಸುಮಾರು 10.9. ನಿಮ್ಮ ಮಾದರಿಗೆ 109 ಸೆಂ.ಮೀ. × 10.9 ಸೆಂ.ಮೀ. ಅಂದ್ರೆ ಉದ್ದದ ಹತ್ತನೇ ಒಂದು ಭಾಗ ಮಾತ್ರ ಅಗಲ. ಮಕ್ಕಳು ಮಾಡೋ ಹಡಗು ಬಹುತೇಕ ದಪ್ಪಗಾಗೋದು ಇಲ್ಲೇ. ಕಣ್ಣಳತೆ ನಂಬಬೇಡಿ, ಪ್ಲೈವುಡ್ ಮೇಲೆ ಮಧ್ಯಗೆರೆ ಎಳೆದು ಎರಡೂ ಕಡೆ 5.45 ಬಿಡಿ. ಅಗಲ ಪೂರ್ತಿ ಬರೋದು ನಡುಭಾಗದಲ್ಲಿ ಮಾತ್ರ, ಮೂತಿ ಕತ್ತಿಯಂತೆ ಚೂಪಾಗಬೇಕು. ನೀರಿನ ಮಟ್ಟದಿಂದ ಕೆಳಗಿನ ಭಾಗ ಮಾಡಬೇಡಿ, ಚಪ್ಪಟೆ ತಳದಲ್ಲೇ ನಿಲ್ಲಿಸಿ.

ಸ್ಪ್ರೇ ಪೇಂಟ್ ನೇರವಾಗಿ ಥರ್ಮಾಕೋಲ್‌ಗೆ ಹೊಡೆದ್ರೆ ಅದರ ದ್ರಾವಕಕ್ಕೆ ಕರಗಿ ಗುಂಡಿ ಬೀಳ್ತದೆ. ಮೊದಲು ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಎರಡು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬ್ರಷ್‌ನಲ್ಲೇ ನೀರಿನ ಆಕ್ರಿಲಿಕ್ ಬೂದು ಬಣ್ಣ ಕೊಡಿ.

ಮಂಡಿಪೇಟೆ ಮಾದರಿ:
ಬಹಳ ಉಪಯೋಗ ಆಯ್ತು ಸರ್. ಘಾಜಿಯನ್ನ ಮುಳುಗಿಸಿದ್ದು ರಜಪೂತ್ ಅಂತ ನೇರವಾಗಿ ಬರೀಬಹುದಾ?

ದುರ್ಗದ ನಾವಿಕ:
ಎರಡೂ ಕಡೆಯ ಮಾತು ಬರೀರಿ, ಮಕ್ಕಳಿಗೆ ಅದೇ ನ್ಯಾಯ. ಘಾಜಿಗೆ ಬೇಕಾಗಿದ್ದು ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್. ಅದನ್ನ ಅಂಡಮಾನ್ ಕಡೆ ಕಳಿಸಿ, ವಿಕ್ರಾಂತ್ ವಿಶಾಖಪಟ್ಟಣದ ಹತ್ತಿರವೇ ಇದೆ ಅಂತ ನಂಬಿಸೋಕೆ ರಜಪೂತ್‌ನಿಂದ ರೇಡಿಯೊ ಸಂದೇಶ ಕಳಿಸಿದ್ರು. ಈ ಯೋಜನೆ ಆಗ ಪೂರ್ವ ನೌಕಾ ಕಮಾಂಡ್ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಅವರದ್ದು. ಡಿಸೆಂಬರ್ 3ರ ಮಧ್ಯರಾತ್ರಿ ಬಂದರು ಬಿಟ್ಟು ಹೊರಟ ರಜಪೂತ್ ಜಲಾಂತರ್ಗಾಮಿ ಇರಬಹುದೆಂಬ ಅನುಮಾನದಲ್ಲಿ ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯೋ ಬಾಂಬ್) ಹಾಕಿತು. ಸ್ವಲ್ಪ ಹೊತ್ತಿಗೆ ದೊಡ್ಡ ಸ್ಫೋಟ ಊರಿಗೇ ಕೇಳಿಸಿತು. ಘಾಜಿಯಲ್ಲಿದ್ದ 90ಕ್ಕೂ ಹೆಚ್ಚು ಜನ ಸತ್ತರು. ಭಾರತದ ನೌಕಾಪಡೆ ಇದು ರಜಪೂತ್ ಕೆಲಸ ಎನ್ನುತ್ತದೆ. ತಾನೇ ಹಾಕುತ್ತಿದ್ದ ಮೈನ್ (ಸಮುದ್ರದಲ್ಲಿ ಹುದುಗಿಸಿಡೋ ಸ್ಫೋಟಕ) ಸಿಡಿದೋ, ಒಳಗಿನ ಸ್ಫೋಟದಿಂದಲೋ ಘಾಜಿ ಹೋಯ್ತು ಅನ್ನೋದು ಪಾಕಿಸ್ತಾನದ ಮಾತು.

ಮಾದರಿ ಕೆಲಸ:
ಡೆಪ್ತ್ ಚಾರ್ಜನ್ನೂ ತೋರಿಸಿ, ಪ್ರಕರಣದ ಮುಖ್ಯ ಆಯುಧ ಅದೇ. ಎರಡನೇ ಮಹಾಯುದ್ಧ ಕಾಲದ ಮಾರ್ಕ್ 7 ಮಾದರಿಯ ಡೆಪ್ತ್ ಚಾರ್ಜ್ ಡ್ರಮ್ಮಿನಲ್ಲಿ ಸುಮಾರು 130 ಕೆ.ಜಿ. ಅಮಟಾಲ್ ಸ್ಫೋಟಕ ಇರ್ತಿತ್ತು. ಮೊದಲೇ ಹೊಂದಿಸಿಟ್ಟ ಆಳದಲ್ಲಿ ನೀರಿನ ಒತ್ತಡವೇ ಕೀಲಿ ಒತ್ತಿ ಸಿಡಿಸ್ತದೆ. ಆಳ ಕಮ್ಮಿ ಇದ್ದು ಹಡಗು ನಿಧಾನವಾಗಿದ್ರೆ ಹಾಕಿದವರ ಹಿಂಭಾಗಕ್ಕೇ ಏಟು, ಅದಕ್ಕೇ ವೇಗ ಹೆಚ್ಚಿಸಿ ಹಾಕ್ತಾರೆ. ಡ್ರಮ್ ವ್ಯಾಸ 45 ಸೆಂ.ಮೀ., ಉದ್ದ 71. ನಿಮ್ಮ ಅಳತೆಗೆ 4.5 ಮಿ.ಮೀ. ದಪ್ಪದ ಸ್ಟ್ರಾ 7 ಮಿ.ಮೀ. ಉದ್ದಕ್ಕೆ ತುಂಡು ಮಾಡಿ, ಹಡಗಿನ ಹಿಂತುದಿಯಲ್ಲಿ ಇಳಿಜಾರು ಹಳಿ ಮಾಡಿ ಸಾಲಾಗಿ ಅಡ್ಡ ಮಲಗಿಸಿ.