ವಯಸ್ಸು ಕೇಳುವ ಪುಟ ಹಾಕಿದ ಮೇಲೆ ಗೂಗಲ್‌ನಲ್ಲಿ ಕಾಣದಾದ ಅಂಗಡಿಗಳು: ಒಂದು ಸಂಜೆಯ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವ್ಯಾಪಾರಿಗಳ ಈ ಗುಂಪಿಗೆ ಕೆಲವು ದಿನಗಳಿಂದ ಒಂದೇ ಬಗೆಯ ದೂರು ಬರುತ್ತಿದೆ. ವೆಬ್‌ಸೈಟಿಗೆ ‘ನಿಮಗೆ 18 ತುಂಬಿದೆಯೇ’ ಎಂದು ಕೇಳುವ ವ್ಯವಸ್ಥೆ ಹಾಕಿಸಿದ ಮೇಲೆ ಗೂಗಲ್‌ನಲ್ಲಿ ಹುಡುಕಿದರೆ ಅಂಗಡಿಯೇ ಸಿಗುತ್ತಿಲ್ಲ ಎನ್ನುವುದು ಆ ದೂರು. ದಾವಣಗೆರೆಯ ವಿದ್ಯಾನಗರದಲ್ಲಿ ಎಸ್‌ಇಒ (ಹುಡುಕಾಟದಲ್ಲಿ ಸೈಟ್ ಚೆನ್ನಾಗಿ ಕಾಣುವಂತೆ ಮಾಡುವ ಕೆಲಸ) ಸಲಹೆಗಾರ್ತಿಯಾಗಿರುವ ಮೇಡಂ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವವರು ಊರನ್ನೂ ವ್ಯಾಪಾರವನ್ನೂ ತಿಳಿಸಬೇಕಾಗಿ ವಿನಂತಿ.

ಬಾರ್ ಮತ್ತು ರೆಸ್ಟೋರೆಂಟ್ ಮಾಲೀಕರು, ದಾವಣಗೆರೆ: ನಮಸ್ಕಾರ ಮೇಡಂ. ನಮ್ಮ ಸೈಟ್ ತೆರೆದ ಕೂಡಲೇ ಇಡೀ ಪರದೆಯನ್ನು ಮುಚ್ಚುವ ಪಾಪ್‌ಅಪ್ ಬಂದು ವಯಸ್ಸು ಕೇಳುತ್ತದೆ. ಪರದೆ ಮುಚ್ಚುವ ಪಾಪ್‌ಅಪ್ ಇದ್ದರೆ ಗೂಗಲ್ ನಮ್ಮನ್ನು ಕೆಳಗೆ ತಳ್ಳುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ?

ಸಲಹೆಗಾರ್ತಿ: ಮೊಬೈಲ್‌ನಲ್ಲಿ ಓದುಗರಿಗೆ ಅಡ್ಡ ಬರುವ ಪಾಪ್‌ಅಪ್‌ಗಳ ವಿಚಾರದಲ್ಲಿ ಗೂಗಲ್ 2017ರ ಜನವರಿಯಲ್ಲಿ ನಿಯಮ ತಂದದ್ದು ನಿಜ. ಆದರೆ ಕಾನೂನಿನ ಕಾರಣಕ್ಕೆ ವಯಸ್ಸು ಕೇಳುವ ಪರದೆಗೆ ಆ ನಿಯಮದಲ್ಲೇ ವಿನಾಯಿತಿ ಇದೆ. ಪರದೆಯು ಅದೇ ಪುಟದ ಮೇಲೆ ಹೊದಿಕೆಯಂತೆ ಬರಲಿ, ಗ್ರಾಹಕರನ್ನು ಬೇರೆ ವಿಳಾಸಕ್ಕೆ ಕಳುಹಿಸುವುದು ಬೇಡ. ನಿಮ್ಮದು ಸರಿಯಾಗಿಯೇ ಇದೆ.

ಅಡಿಕೆ ವ್ಯಾಪಾರಿ, ಚನ್ನಗಿರಿ: ಮೇಡಂ, ನಮ್ಮದು ಅಪ್ಪನ ಕಾಲದಿಂದ ಬಂದ ಅಡಿಕೆ ವ್ಯಾಪಾರ. ರಾಶಿ, ಬೆಟ್ಟೆ, ಗೊರಬಲು ಅಡಿಕೆಯ ಜೊತೆಗೆ ಹಾಳೆ ತಟ್ಟೆಗಳನ್ನೂ ವೆಬ್‌ಸೈಟಿನ ಮೂಲಕ ಮಾರುತ್ತೇವೆ. ಹಾಳೆ ತಟ್ಟೆಗಾಗಿ ಹೊರರಾಜ್ಯದ ಮದುವೆ ಅಡುಗೆಯವರಿಂದ ಬರುತ್ತಿದ್ದ ವಿಚಾರಣೆಗಳು ಎರಡು ತಿಂಗಳಿಂದ ನಿಂತೇ ಹೋಗಿವೆ. ಸೈಟ್ ಮಾಡಿಕೊಟ್ಟ ಹುಡುಗನು ಅಡಿಕೆ ಎಂದರೆ ಗುಟ್ಕಾದ ಬಾಬತ್ತು, ವಯಸ್ಸು ಕೇಳಲೇಬೇಕು ಎಂದು ಹೇಳಿ ಒಂದು ಪುಟ ಸೇರಿಸಿದ್ದ. ಈಗ ಗೂಗಲ್‌ನಲ್ಲಿ ನಮ್ಮ ಹೆಸರು ಹಾಕಿದರೆ ‘ನಿಮಗೆ 18 ವರ್ಷ ತುಂಬಿದೆಯೇ? ಹೌದು, ಇಲ್ಲ’ ಎಂಬ ಒಂದೇ ಸಾಲು ಬರುತ್ತದೆ. ತಟ್ಟೆಯೂ ಇಲ್ಲ, ಅಡಿಕೆಯೂ ಇಲ್ಲ.

ಸಲಹೆಗಾರ್ತಿ: ನಿಮ್ಮ ಸೈಟನ್ನು ಈಗಷ್ಟೇ ನನ್ನ ಫೋನಿನಲ್ಲಿ ತೆರೆದು ನೋಡಿದೆ. ಹಾಳೆ ತಟ್ಟೆಯ ಪುಟದ ವಿಳಾಸವನ್ನೇ ನೇರವಾಗಿ ಕೊಟ್ಟೆ. ಪುಟ ಮೂಡುವ ಮೊದಲೇ ಮೇಲಿನ ವಿಳಾಸ ಬದಲಾಗಿ ವಯಸ್ಸಿನ ಪುಟಕ್ಕೆ ಹೋಯಿತು. ‘ಹೌದು’ ಒತ್ತಿದ ಮೇಲಾದರೂ ತಟ್ಟೆಯ ಪುಟಕ್ಕೆ ಹಿಂದಿರುಗಬೇಕಿತ್ತು, ಅದರ ಬದಲು ಮುಖಪುಟಕ್ಕೆ ತಂದು ಬಿಟ್ಟಿತು. ನನ್ನಂತೆ ಬಂದ ಅಡುಗೆಯವರೊಬ್ಬರು ಅಲ್ಲಿಂದಲೇ ಹಿಂದೆ ಹೋಗಿರುತ್ತಾರೆ.

ಗೂಗಲ್‌ಗೆ ಆಗಿರುವುದು ಇದಕ್ಕಿಂತ ಕೆಟ್ಟದ್ದು. ಪುಟಗಳನ್ನು ಓದಲು ಬರುವ ಗೂಗಲ್‌ಬಾಟ್ ‘ಹೌದು’ ಎಂಬ ಗುಂಡಿಯನ್ನು ಒತ್ತುವುದಿಲ್ಲ, ಹುಟ್ಟಿದ ದಿನಾಂಕ ತುಂಬುವುದಿಲ್ಲ, ಒಂದು ಪುಟದಲ್ಲಿ ಸಿಕ್ಕ ಕುಕಿಯನ್ನು (ಬ್ರೌಸರ್ ನೆನಪಿಟ್ಟುಕೊಳ್ಳುವ ಗುರುತು) ಇನ್ನೊಂದು ಪುಟಕ್ಕೆ ಒಯ್ಯುವುದೂ ಇಲ್ಲ. ಆದ್ದರಿಂದ ಅದು ನಿಮ್ಮ ಯಾವ ಪುಟವನ್ನು ಕೇಳಿದರೂ ಸರ್ವರ್ ಅದನ್ನು ವಯಸ್ಸಿನ ಪುಟಕ್ಕೇ ಕಳುಹಿಸುತ್ತದೆ. ಎಲ್ಲ ವಿಳಾಸಗಳೂ ಒಂದೇ ಪುಟಕ್ಕೆ ಕರೆದೊಯ್ದರೆ ಗೂಗಲ್ ಆ ಒಂದನ್ನು ಇಟ್ಟುಕೊಂಡು ಉಳಿದವನ್ನು ಕೈಬಿಡುತ್ತದೆ. ನೀವು ಕಂಡ ಆ ಸಾಲು ಹಾಗೆ ಉಳಿದುಕೊಂಡದ್ದು.

ಇನ್ನು ನಿಮಗೆ ಈ ಪುಟ ಬೇಕೇ ಎಂಬ ಪ್ರಶ್ನೆ. 2003ರ ತಂಬಾಕು ಉತ್ಪನ್ನಗಳ ಕಾಯ್ದೆ ಮಾರಾಟಕ್ಕೆ 18ರ ಮಿತಿ ಹಾಕಿದೆ, ಕರ್ನಾಟಕದ ತಿದ್ದುಪಡಿ ಅದನ್ನು 21ಕ್ಕೆ ಏರಿಸಿದೆ. ಆದರೆ ಅದು ತಂಬಾಕಿಗೆ ಮತ್ತು ತಂಬಾಕು ಬೆರೆತ ಜಗಿಯುವ ಪದಾರ್ಥಗಳಿಗೆ ಸಂಬಂಧಿಸಿದ್ದು. ನೀವು ಮಾರುವುದು ಬರೀ ಅಡಿಕೆ, ಜೊತೆಗೆ ಊಟದ ತಟ್ಟೆ. ನಿಮ್ಮ ವಕೀಲರನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಅವರು ಬೇಡವೆಂದರೆ ಇಡೀ ವ್ಯವಸ್ಥೆಯನ್ನೇ ತೆಗೆಸಿಬಿಡಿ. ತಟ್ಟೆ ಕೊಳ್ಳಲು ಬಂದವರ ವಯಸ್ಸು ಕೇಳುವುದಕ್ಕೆ ಯಾವ ಕಾರಣವೂ ಇಲ್ಲ.

ವೈನ್ ಶಾಪ್, ಹಿರಿಯೂರು: ನಮ್ಮ ಸೈಟಿನಲ್ಲೂ ವಯಸ್ಸು ಕೇಳುವುದಕ್ಕೆ ಬೇರೆ ಪುಟವೇ ಇದೆ. ಏನು ಮಾಡಬೇಕು?

ಸಲಹೆಗಾರ್ತಿ: ಬೇರೆ ಪುಟ ಬೇಡ, ಅದೇ ಪುಟದ ಮೇಲೆ ಹೊದಿಕೆ ಬರಲಿ. ಮೇಲೆ ವಿವರಿಸಿದ್ದೇನೆ.

ವಧೂವರರ ಮಾಹಿತಿ ಕೇಂದ್ರ, ಚಿತ್ರದುರ್ಗ: ಮೇಡಂ, ನಮ್ಮಲ್ಲಿ ಹುಡುಗಿಗೆ 18, ಹುಡುಗನಿಗೆ 21 ಎಂದು ಎರಡು ಮಿತಿಗಳಿವೆ. ನೋಂದಣಿಗೆ ಮೊದಲೇ ಕೇಳಬೇಕೇ, ಆಮೇಲೆ ಕೇಳಬೇಕೇ?

ವೆಬ್‌ಸೈಟ್ ಮಾಡುವವರು, ಹರಿಹರ: ಎಲ್ಲರಿಗೂ ಉಪಯೋಗವಾಗಲೆಂದು, ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ‘ವಯಸ್ಸಿನ ಪುಟದಿಂದ ರ‍್ಯಾಂಕ್ ಬಿದ್ದಿದೆಯೇ? ಒಂದು, ಬಂದವರ ಬ್ರೌಸರ್ ಹೆಸರಿನಲ್ಲಿ ಗೂಗಲ್‌ಬಾಟ್ ಎಂದಿದ್ದರೆ ನೇರವಾಗಿ ಒಳಗೆ ಬಿಡಿ. ಎರಡು, ವಯಸ್ಸಿನ ಪುಟವನ್ನು ರೋಬೋಟ್ಸ್ ಕಡತದಲ್ಲಿ ತಡೆಯಿರಿ. ಮೂರು, ಎಲ್ಲ ಪುಟಗಳಿಗೂ ರೇಟಿಂಗ್ ಅಡಲ್ಟ್ ಎಂಬ ಮೆಟಾ ಟ್ಯಾಗ್ ಹಾಕಿ, ಗೂಗಲ್‌ಗೆ ನಂಬಿಕೆ ಬರುತ್ತದೆ. ತಪ್ಪದೆ ಹಂಚಿಕೊಳ್ಳಿ.’

ಸಲಹೆಗಾರ್ತಿ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಈ ಸಂದೇಶ ಈ ವರ್ಷ ನನಗೆ ಬರುತ್ತಿರುವುದು ಎಷ್ಟನೆಯ ಸಲವೋ ಲೆಕ್ಕವಿಲ್ಲ, ಇದರಿಂದ ಕೆಟ್ಟ ಸೈಟುಗಳನ್ನು ಸರಿಪಡಿಸುವುದೇ ನನ್ನ ಅರ್ಧ ಕೆಲಸವಾಗಿದೆ. ವಯಸ್ಸಿನ ಪುಟಕ್ಕೆ ಎಲ್ಲರನ್ನೂ ಕಳುಹಿಸಿ, ಅದೇ ಪುಟವನ್ನು ರೋಬೋಟ್ಸ್ ಕಡತದಲ್ಲಿ (ಯಾವ ಪುಟ ಓದಬಾರದು ಎಂದು ಗೂಗಲ್‌ಬಾಟ್‌ಗೆ ಹೇಳುವ ಕಡತ) ತಡೆದರೆ ಗೂಗಲ್‌ಗೆ ಓದಲು ಏನೂ ಉಳಿಯುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಆ ಟ್ಯಾಗ್, ಅಂದರೆ ಪುಟದ ಮೂಲದಲ್ಲಿ ಬರೆಯುವ ಗುರುತಿನ ಸಾಲು, ಇರುವುದು ಅಶ್ಲೀಲ ದೃಶ್ಯಗಳಿರುವ ಪುಟಗಳಿಗೆ. ಅದನ್ನು ಹಾಕಿದರೆ ನಿಮ್ಮ ಸೈಟ್ ಅಂಥದ್ದು ಎಂದು ನೀವೇ ಬರೆದುಕೊಟ್ಟಂತೆ, ಅಶ್ಲೀಲವನ್ನು ಸೋಸುವ ಸೇಫ್‌ಸರ್ಚ್ ಚಾಲೂ ಇರುವ ಫೋನುಗಳಲ್ಲೂ ಕಚೇರಿಗಳಲ್ಲೂ ನಿಮ್ಮ ಪುಟ ಕಾಣುವುದಿಲ್ಲ.

ವೆಬ್‌ಸೈಟ್ ಮಾಡುವವರು, ಹರಿಹರ: ಗೂಗಲ್‌ಬಾಟ್‌ಗೆ ವಯಸ್ಸು ಕೇಳದೆ ಒಳಗೆ ಬಿಡಬಹುದು ಎಂದು ಗೂಗಲ್ಲೇ ಹೇಳಿದೆಯಲ್ಲ, ಮೇಡಂ? ನೀವು ಮೊದಲನೆಯದನ್ನೂ ತಪ್ಪು ಎನ್ನುವುದು ಹೇಗೆ?

ಸಲಹೆಗಾರ್ತಿ: ಗೂಗಲ್ ಹೇಳಿರುವುದು, ಬಂದದ್ದು ನಿಜವಾದ ಗೂಗಲ್‌ಬಾಟ್ ಎಂದು ಪರಿಶೀಲಿಸಿ ಬಿಡಿ ಎಂದು. ಬ್ರೌಸರ್ ಹೆಸರನ್ನು ಯಾವ ಹೈಸ್ಕೂಲ್ ಹುಡುಗನೂ ಬದಲಾಯಿಸಿಕೊಳ್ಳಬಲ್ಲ. ನಿಮ್ಮ ಸಂದೇಶದ ಪ್ರಕಾರ ಮಾಡಿದರೆ ಯಾರನ್ನು ತಡೆಯಬೇಕಿತ್ತೋ ಅವನೇ ಸಲೀಸಾಗಿ ಒಳಗೆ ಬರುತ್ತಾನೆ. ಬಂದ ಐಪಿ ವಿಳಾಸವನ್ನು (ಬಂದ ಯಂತ್ರದ ಅಂಕಿಗಳ ವಿಳಾಸ) ಹಿಮ್ಮುಖ ಡಿಎನ್‌ಎಸ್ (ಆ ಅಂಕಿಗಳಿಂದ ಹೆಸರು ಹುಡುಕುವ ವ್ಯವಸ್ಥೆ) ಮೂಲಕ ನೋಡಿ, ಅದು ಗೂಗಲ್‌ಬಾಟ್ ಡಾಟ್ ಕಾಮ್ ಅಥವಾ ಗೂಗಲ್ ಡಾಟ್ ಕಾಮ್ ಹೆಸರಿಗೆ ಸೇರಿದೆಯೇ ಎಂದು ತಿಳಿದು, ಆ ಹೆಸರು ತಿರುಗಿ ಅದೇ ಐಪಿಗೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಗೂಗಲ್ ತನ್ನ ಐಪಿಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ, ಅದರೊಂದಿಗೆ ಹೋಲಿಸಿಯೂ ನೋಡಬಹುದು. ಒಳಗೆ ಬಿಟ್ಟ ಮೇಲೆ ಗೂಗಲ್‌ಗೆ ತೋರಿಸುವ ಪುಟವೂ ‘ಹೌದು’ ಒತ್ತಿದ ಗ್ರಾಹಕರಿಗೆ ತೋರಿಸುವ ಪುಟವೂ ಒಂದೇ ಆಗಿರಬೇಕು. ಎರಡೂ ಬೇರೆಯಾದರೆ ಅದು ವಂಚನೆಯಾಗುತ್ತದೆ, ಸೈಟನ್ನೇ ಗೂಗಲ್ ಹುಡುಕಾಟದ ಪಟ್ಟಿಯಿಂದ ತೆಗೆಯಬಹುದು.

ಅಡಿಕೆ ವ್ಯಾಪಾರಿ, ಚನ್ನಗಿರಿ: ಮೇಡಂ, ಆ ಮೂರನೆಯದನ್ನು ನಮ್ಮ ಹುಡುಗ ಮೂರು ವಾರದ ಹಿಂದೆಯೇ ಹಾಕಿದ್ದಾನೆ. ಅವನಿಗೂ ಇದೇ ಸಂದೇಶ ಬಂದಿತ್ತಂತೆ.

ಸಲಹೆಗಾರ್ತಿ: ಇದು ನನಗೆ ನಿಜಕ್ಕೂ ಚಿಂತೆಯ ವಿಷಯ. ಈಗಲೇ ತೆಗೆಸಿ, ಒಂದು ಪುಟದಲ್ಲಲ್ಲ, ಎಲ್ಲ ಪುಟಗಳಲ್ಲೂ. ದಾರಿ ತಪ್ಪಿಸುವ ರೀಡೈರೆಕ್ಟ್ ಸರಿಪಡಿಸಿದರೆ ಪುಟಗಳು ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಮರಳಿ ಬರುತ್ತವೆ. ಆದರೆ ಅಶ್ಲೀಲ ಎಂಬ ಗುರುತು ಒಮ್ಮೆ ಬಿದ್ದರೆ ಅಳಿಯಲು ತಿಂಗಳುಗಟ್ಟಲೆ ಹಿಡಿಯಬಹುದು.

ಸ್ತ್ರೀರೋಗ ತಜ್ಞೆ, ಚಿತ್ರದುರ್ಗ: ನಮ್ಮ ಕ್ಲಿನಿಕ್ಕಿನ ಸೈಟಿನಲ್ಲಿ ಹದಿಹರೆಯದ ಹುಡುಗಿಯರಿಗಾಗಿ ಮುಟ್ಟಿನ ನೋವು, ರಕ್ತಹೀನತೆ ಕುರಿತ ಪುಟಗಳಿವೆ. ಸೈಟ್ ಮಾಡಿದವರು ಅವಕ್ಕೂ 18ರ ಪರದೆ ಹಾಕಿದ್ದಾರೆ. ಹುಡುಕಾಟದಲ್ಲಿ ಆ ಪುಟಗಳು ಕಾಣುತ್ತಿಲ್ಲ.

ಸಲಹೆಗಾರ್ತಿ: ಪರದೆಯನ್ನು ತೆಗೆಸಿ, ಡಾಕ್ಟ್ರೇ. ವೈದ್ಯಕೀಯ ಮಾಹಿತಿಗೆ ಅದರ ಅಗತ್ಯವಿಲ್ಲ, ಆ ಪುಟ ಯಾರಿಗಾಗಿ ಬರೆದದ್ದೋ ಅವರಿಗೇ ನೀವು ಬಾಗಿಲು ಹಾಕಿದ್ದೀರಿ.

ನಿವೃತ್ತ ಶಿಕ್ಷಕರು, ಚಳ್ಳಕೆರೆ: ಇದನ್ನು ನಾನು ಒಪ್ಪುವುದಿಲ್ಲ. ಇಂಥ ವಿಷಯವನ್ನು ಮಕ್ಕಳು ತಾಯಿಯ ಮೂಲಕ ತಿಳಿಯಬೇಕೇ ಹೊರತು ಫೋನಿನ ಮೂಲಕವಲ್ಲ. ಅಲ್ಲದೆ ‘ಹೌದು’ ಒತ್ತಿಸುವುದರಿಂದ ಯಾರ ವಯಸ್ಸೂ ತಿಳಿಯುವುದಿಲ್ಲ. ಆಧಾರ್ ಕಾರ್ಡಿನ ಫೋಟೋ ಕೇಳಿದರೆ ಸುಳ್ಳು ಹೇಳಲು ಸಾಧ್ಯವೇ ಇಲ್ಲ.

ಸ್ತ್ರೀರೋಗ ತಜ್ಞೆ, ಚಿತ್ರದುರ್ಗ: ಗುರುಗಳೇ, ತಾಯಿಗೂ ಹೇಳಲಾಗದೆ ತಿಂಗಳುಗಟ್ಟಲೆ ನೋವು ನುಂಗಿಕೊಂಡು ಕೊನೆಗೆ ನನ್ನ ಮುಂದೆ ಕುಳಿತು ಅಳುವ ಹುಡುಗಿಯರನ್ನು ನಾನು ವಾರವಾರವೂ ನೋಡುತ್ತೇನೆ. ಆ ಪುಟ ಬರೆದದ್ದು ಅವರಿಗಾಗಿ.

ನಿವೃತ್ತ ಶಿಕ್ಷಕರು, ಚಳ್ಳಕೆರೆ: ನಾನೂ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ್ದೇನೆ. ಮಕ್ಕಳ ವಿಚಾರವನ್ನು ನನಗೆ ಕಲಿಸುವ ಅಗತ್ಯವಿಲ್ಲ.

ಬಾರ್ ಮತ್ತು ರೆಸ್ಟೋರೆಂಟ್ ಮಾಲೀಕರು, ದಾವಣಗೆರೆ: ಗುರುಗಳು ಆಧಾರ್ ಕೇಳಿ ಎನ್ನುತ್ತಾರೆ. ಊಟದ ಮೆನು ನೋಡಲು ಆಧಾರ್ ಕೊಡುವವರು ಯಾರಿದ್ದಾರೆ? ವ್ಯಾಪಾರ ಮಾಡಿ ಗೊತ್ತಿಲ್ಲದವರು ಸಲಹೆ ಕೊಡಬಾರದು.

ನಿವೃತ್ತ ಶಿಕ್ಷಕರು, ಚಳ್ಳಕೆರೆ: ಮದ್ಯ ಮಾರುವವರಿಂದ ಮಕ್ಕಳ ಹಿತದ ಪಾಠ ಕೇಳಬೇಕಾಗಿ ಬಂತು.

ಸಲಹೆಗಾರ್ತಿ: ಆಧಾರ್ ಫೋಟೋ ಸಂಗ್ರಹಿಸುವ ಮಾತನ್ನು ಇಲ್ಲಿಗೇ ಬಿಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳಿಗೆ ಸಂಬಂಧಿಸಿದ ಹೊಣೆ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ನಿಮ್ಮ ಅಗ್ಗದ ಸರ್ವರಿನಲ್ಲಿ ಊರಿನವರ ಆಧಾರ್ ಚಿತ್ರಗಳು ಬಿದ್ದಿರುವುದು ನನಗೆ ಊಹಿಸಲೂ ಭಯವಾಗುತ್ತದೆ.

ಗುರುಗಳ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಹೊದಿಕೆ ಎಂಬುದು ಬೀಗವಲ್ಲ, ಬಲ್ಲವರು ಅದನ್ನು ಸರಿಸಿ ಓದಬಹುದು. ಮಕ್ಕಳ ಕಣ್ಣಿಗೆ ಖಂಡಿತ ಬೀಳಬಾರದ್ದು ಇದ್ದರೆ ಅದನ್ನು ಲಾಗಿನ್‌ನ ಹಿಂದೆ ಇಡಬೇಕು, ಆಗ ಅದು ಗೂಗಲ್‌ನಲ್ಲಿ ಬರಬೇಕೆಂಬ ಆಸೆಯನ್ನೂ ಬಿಡಬೇಕು.

ವೈನ್ ಶಾಪ್, ಹಿರಿಯೂರು: ಮೇಡಂ, ಹೊದಿಕೆ ಎಂದರೆ ಪಾಪ್‌ಅಪ್ಪೇ ತಾನೇ? ಬೇರೆ ಪುಟ ಇಟ್ಟರೆ ನಡೆಯುವುದಿಲ್ಲವೇ?

ಸಲಹೆಗಾರ್ತಿ: ಹೌದು, ಪಾಪ್‌ಅಪ್ಪೇ. ಬೇರೆ ಪುಟ ನಡೆಯುವುದಿಲ್ಲ.

ವಧೂವರರ ಮಾಹಿತಿ ಕೇಂದ್ರ, ಚಿತ್ರದುರ್ಗ: ನನ್ನ ಪ್ರಶ್ನೆ ಮೇಲೆ ಉಳಿದುಹೋಗಿದೆ.

ಅಡಿಕೆ ವ್ಯಾಪಾರಿ, ಚನ್ನಗಿರಿ: ಹುಡುಗನಿಗೆ ಫೋನ್ ಮಾಡಿ ಬದಲು ಮಾಡಿಸಿದೆ. ಪೂರ್ತಿ ತೆಗೆಯಲು ಹೆದರಿ, ವಕೀಲರು ಹೇಳುವವರೆಗೆ ಇರಲಿ ಎಂದು ಅದೇ ಪುಟದ ಮೇಲೆ ಪಾಪ್‌ಅಪ್ ಮಾಡಿದ್ದಾನೆ. ನಮ್ಮ ಪುಟ ಗೂಗಲ್‌ಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಸರ್ಚ್ ಕನ್ಸೋಲ್‌ನ ಲೈವ್ ಪರೀಕ್ಷೆಯ ಚಿತ್ರ ಕಳುಹಿಸಿದ್ದೇನೆ. ಅದರಲ್ಲಿ ಬೂದು ಬಣ್ಣದ ಖಾಲಿ ಪರದೆಯಷ್ಟೇ ಬರುತ್ತಿದೆ.

ಸಲಹೆಗಾರ್ತಿ: ಚಿತ್ರವನ್ನು ಬಿಡಿ, ಪಕ್ಕದಲ್ಲಿರುವ ಎಚ್‌ಟಿಎಂಎಲ್ (ಪುಟದ ಮೂಲ ಬರಹ) ತೆರೆದು ಅದರಲ್ಲಿ ‘ಗೊರಬಲು’ ಎಂಬ ಪದ ಇದೆಯೇ ಹುಡುಕಿ.

ಅಡಿಕೆ ವ್ಯಾಪಾರಿ, ಚನ್ನಗಿರಿ: ಇಲ್ಲ, ಮೇಡಂ.

ಸಲಹೆಗಾರ್ತಿ: ಹಾಗಿದ್ದರೆ ‘ಹೌದು’ ಒತ್ತಿದ ಮೇಲೆಯೇ ಸರ್ವರಿನಿಂದ ಬರಹವನ್ನು ತರಿಸುವಂತೆ ಬರೆದಿದ್ದಾನೆ. ಗೂಗಲ್‌ಬಾಟ್ ಗುಂಡಿ ಒತ್ತುವುದಿಲ್ಲವಾದ್ದರಿಂದ ಅದಕ್ಕೆ ಈಗಲೂ ಸಿಗುತ್ತಿರುವುದು ಖಾಲಿ ಪುಟವೇ. ಅಡಿಕೆಯ ವಿವರ, ತಟ್ಟೆಯ ಅಳತೆ, ಬೆಲೆ ಎಲ್ಲವೂ ಮೊದಲೇ ಪುಟದಲ್ಲಿರಬೇಕು, ಅದರ ಮೇಲೆ ಪರದೆ ಬರಬೇಕು. ಪರದೆ ಬಂದಾಗ ಕೆಳಗಿನ ಬರಹ ಜಿಗಿಯದಂತೆ ಅದರ ಸ್ಥಾನವನ್ನು ಸ್ಥಿರವಾಗಿಡಲು ಹೇಳಿ.

ವೆಬ್‌ಸೈಟ್ ಮಾಡುವವರು, ಹರಿಹರ: ದಿನಕ್ಕೆ ಹತ್ತು ಸಲ ಗೂಗಲ್‌ಗೆ ಇಂಡೆಕ್ಸಿಂಗ್ ಕೋರಿಕೆ (ಪುಟವನ್ನು ಪಟ್ಟಿಗೆ ಸೇರಿಸಿ ಎಂಬ ಕೋರಿಕೆ) ಕಳುಹಿಸಿದರೆ ಬೇಗ ಬರುತ್ತದೆ ಎಂದೂ ಒಂದು ಸಂದೇಶವಿದೆ, ಹಾಕಲೇ?

ಸಲಹೆಗಾರ್ತಿ: ಬೇಡ. ಸಂದೇಶಗಳನ್ನು ಹಾಕುವುದಿದ್ದರೆ ನಾನು ಇಲ್ಲಿಂದ ಹೋಗುತ್ತೇನೆ.

ನಿರ್ವಾಹಕರು: ಶಿಕ್ಷಕರ ಮತ್ತು ಬಾರ್ ಮಾಲೀಕರ ಕೊನೆಯ ಆರು ಸಂದೇಶಗಳನ್ನು ತೆಗೆದಿದ್ದೇನೆ. ಇನ್ನು ಪ್ರಶ್ನೆಗಳು ಮಾತ್ರ ಇರಲಿ.

ಅಡಿಕೆ ವ್ಯಾಪಾರಿ, ಚನ್ನಗಿರಿ: ಮೇಡಂ, ಈಗ ‘ಗೊರಬಲು’ ಸಿಕ್ಕಿತು. ಬೆಲೆಯೂ ಬಂದಿದೆ.

ಸಲಹೆಗಾರ್ತಿ: ಸಂತೋಷ. ಮುಖಪುಟಕ್ಕೂ ತಟ್ಟೆಯ ಪುಟಕ್ಕೂ ಒಂದೊಂದು ಸಲ ಕೋರಿಕೆ ಕಳುಹಿಸಿ ಸುಮ್ಮನಿರಿ. ಈಗ ತಟ್ಟೆಯ ಪುಟದ ಮೂಲವನ್ನು ತೆರೆದು ನೋಡಿದೆ, ರೇಟಿಂಗ್ ಟ್ಯಾಗಿನ ಸಾಲು ಅಲ್ಲಿ ಇನ್ನೂ ಇದೆ. ಮಲಗುವ ಮೊದಲು ಅದನ್ನು ತೆಗೆಸಿ.