ಅಸಿಟ್ರಾಮ್ ಜೊತೆ ಎಪ್ಟಾಯಿನ್: ಐಎನ್‌ಆರ್ ಇಳಿದದ್ದು ಸೊಪ್ಪಿನಿಂದಲೇ?

ಮಸ್ಸೊಪ್ಪು_ಮುದ್ದೆ:
56 ವರ್ಷದವರು, ಎದೆಯಲ್ಲಿ ಲೋಹದ ಮೈಟ್ರಲ್ ವಾಲ್ವ್ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಅಸಿಟ್ರಾಮ್ 3 ಮಿ.ಗ್ರಾಂ.ನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ; ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ) 3ರ ಆಸುಪಾಸಿನಲ್ಲೇ ನಿಂತಿತ್ತು. ಫಿಟ್ಸ್ ಬಂದಿದ್ದಕ್ಕೆ ರಾತ್ರಿ ಎಪ್ಟಾಯಿನ್ 300 ಶುರುವಾಯಿತು. ಮೊದಲ ವಾರ ಐಎನ್‌ಆರ್ 3.7ಕ್ಕೆ ಹೋಯಿತು, ನಾಲ್ಕನೇ ವಾರ, ಅಂದರೆ ಇವತ್ತು, 1.6. ಮನೆಯಲ್ಲಿ ಎಲ್ಲರೂ ಸೊಪ್ಪಿನ ಮೇಲೆ ಗೂಬೆ ಕೂರಿಸಿ ಬಸ್ಸಾರು, ಮಸ್ಸೊಪ್ಪು ಎಲ್ಲ ನಿಲ್ಲಿಸಿದ್ದಾರೆ. ನರರೋಗ ತಜ್ಞರು ಲೆವಿಪಿಲ್ ಎಂಬ ಬೇರೆ ಫಿಟ್ಸ್ ಮಾತ್ರೆಗೆ ಬದಲಾಯಿಸೋಣ ಅಂದಿದ್ದಾರೆ. ಬದಲಾಯಿಸಿದರೆ ಅಸಿಟ್ರಾಮ್ ಏನಾಗುತ್ತದೆ? ಊರಹಬ್ಬಕ್ಕೆ ಎರಡು ಪೆಗ್ ಹಾಕುವ ಅಭ್ಯಾಸವೂ ಇದೆ.

ಔಷಧಿಪೆಟ್ಟಿಗೆ:
ಮೊದಲು 1.6ರ ಮಾತು. ಲೋಹದ ಮೈಟ್ರಲ್ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5 ಬೇಕು. ಹಾಗಾಗಿ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಇವತ್ತೇ ಹೃದ್ರೋಗ ತಜ್ಞರಿಗೆ ತಿಳಿಸಿ. ಅಸಿಟ್ರಾಮ್ ಎಷ್ಟು ಏರಿಸಬೇಕು, ನಡುವೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಬೇಕೇ ಅನ್ನೋದನ್ನು ಅವರೇ ಹೇಳಬೇಕು. ರಾತ್ರಿ ನಿಶ್ಶಬ್ದದಲ್ಲಿ ಕೇಳುವ ವಾಲ್ವ್‌ನ ಟಿಕ್ ಟಿಕ್ ಸದ್ದು ಮಂಕಾದರೆ, ಹೊಸದಾಗಿ ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಫೋನ್ ಮಾಡುತ್ತಾ ಕೂರದೆ ನೇರ ಎಮರ್ಜೆನ್ಸಿಗೆ ಹೋಗಿ.

ಇನ್ನು ಕಾರಣ. ಸೊಪ್ಪು ಪಾಪದ್ದು, ಇದು ಎಪ್ಟಾಯಿನ್ ಕೆಲಸ. ಶುರುವಿನ ದಿನಗಳಲ್ಲಿ ಎಪ್ಟಾಯಿನ್ ಮತ್ತು ಅಸಿಟ್ರಾಮ್ ಲಿವರ್‌ನ ಒಂದೇ ಕಿಣ್ವಕ್ಕೆ ಪೈಪೋಟಿ ನಡೆಸುತ್ತವೆ. ಅಸಿಟ್ರಾಮ್ ಕರಗುವುದು ತಡವಾಗಿ ಐಎನ್‌ಆರ್ ಏರಬಹುದು. ನಿಮ್ಮ 3.7ಕ್ಕೆ ಇದು ಸರಿಯಾಗಿ ಹೊಂದುತ್ತದೆ. ಎರಡು ಮೂರು ವಾರದಲ್ಲಿ ಎಪ್ಟಾಯಿನ್ ಆ ಕಿಣ್ವಗಳನ್ನೇ ಹೆಚ್ಚು ಹುಟ್ಟಿಸುತ್ತದೆ. ಆಮೇಲೆ ಅಷ್ಟೇ ಮಾತ್ರೆ ನುಂಗಿದರೂ ಬೇಗ ಬೇಗ ಕರಗಿ ಹೋಗುತ್ತದೆ. ಫಿಟ್ಸ್‌ನ ಬೇರೆ ಮಾತ್ರೆಗಳಾದ ಟೆಗ್ರಿಟಾಲ್, ಗಾರ್ಡಿನಾಲ್ ಕೂಡ ಐಎನ್‌ಆರ್ ಇಳಿಸುತ್ತವೆ.

ನರತಂತು:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ, ಬಹಳಷ್ಟು ಜನ ಎಡವುವುದು ಇಲ್ಲಿ. ಈಗ ಅಸಿಟ್ರಾಮ್ 4ಕ್ಕೋ 5ಕ್ಕೋ ಏರುತ್ತದೆ ಅಂದುಕೊಳ್ಳಿ. ಲೆವಿಪಿಲ್ ಈ ಕಿಣ್ವಗಳ ತಂಟೆಗೆ ಹೋಗುವುದಿಲ್ಲ, ಅದಕ್ಕೇ ವಾಲ್ವ್ ಇರುವವರಿಗೆ ಒಳ್ಳೆಯ ಆಯ್ಕೆ. ಆದರೆ ಎಪ್ಟಾಯಿನ್ ಬಿಟ್ಟ ಮೇಲೆ ಲಿವರ್ ಹಳೆಯ ಸ್ಥಿತಿಗೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಮೊದಲ ವಾರದ ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ಮನಾದರೆ, ಏರಿಸಿದ ಡೋಸ್ ಹಾಗೇ ಉಳಿದು ಮೂರನೇ ವಾರ ವಸಡಿನಲ್ಲಿ ರಕ್ತ, ಟಾರಿನಂಥ ಕಪ್ಪು ಮಲ ಶುರುವಾಗುತ್ತದೆ. ಎಪ್ಟಾಯಿನ್ ಇಳಿಸಲು ಶುರುಮಾಡಿದ ದಿನದಿಂದ ಕೊನೆಯ ಮಾತ್ರೆ ಮುಗಿದು ಆರು ವಾರದವರೆಗೆ ವಾರವಾರ ಐಎನ್‌ಆರ್ ಮಾಡಿಸಿ. ಎಪ್ಟಾಯಿನ್ ಒಮ್ಮೆಲೇ ನಿಲ್ಲಿಸುವಂತಿಲ್ಲ, ಫಿಟ್ಸ್ ಒಂದರ ಹಿಂದೊಂದು ಬರಬಹುದು. ಬದಲಾವಣೆಯ ದಿನಾಂಕ ಬರೆದ ಚೀಟಿ ಇಬ್ಬರು ಡಾಕ್ಟರ ಕೈಗೂ ಸಿಗಲಿ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವುದೇ ಅರ್ಧ ಗೋಳು.

ಅಸಿಟ್ರಾಮ್ ತಗೊಳ್ಳುವವರು ಫಿಟ್ಸ್‌ನಲ್ಲಿ ಬಿದ್ದು ತಲೆ ಪೆಟ್ಟಾದರೆ, ಎದ್ದು ಕಾಫಿ ಕುಡಿದು ಆರಾಮಾಗಿ ಮಾತಾಡುತ್ತಿದ್ದರೂ ಸರಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ದು ಸಿಟಿ ಸ್ಕ್ಯಾನ್ ಕೇಳಿ.

ಔಷಧಿಪೆಟ್ಟಿಗೆ:
ಊಟ. ನುಗ್ಗೆ, ಪಾಲಕ್, ಮೆಂತ್ಯ, ಕೊತ್ತಂಬರಿಯಲ್ಲಿ ವಿಟಮಿನ್ ಕೆ ಇದೆ, ಅದು ಅಸಿಟ್ರಾಮ್‌ಗೆ ಎದುರಾಳಿ, ನಿಜ. ಆದರೆ ಪೂರ್ತಿ ಬಿಟ್ಟವರ ಐಎನ್‌ಆರ್ ಇನ್ನೂ ಜೋಲಿ ಹೊಡೆಯುತ್ತದೆ, ಆಮೇಲೆ ಒಂದು ದಿನದ ಸೊಪ್ಪಿನ ಸಾರಿಗೂ ಅಲ್ಲಾಡುತ್ತದೆ. ವಾರಕ್ಕೆ ಮೂರು ದಿನ ಒಂದೊಂದು ಬಟ್ಟಲು ಅಂತ ಗೊತ್ತು ಮಾಡಿ ಅದನ್ನೇ ನಡೆಸಿ. ಹೇಗೂ ಡೋಸ್ ಹೊಸದಾಗಿ ಕೂರಿಸುತ್ತಿದ್ದಾರೆ, ಸೊಪ್ಪು ಮತ್ತೆ ಶುರುಮಾಡುವ ವಿಷಯವನ್ನೂ ಈಗಲೇ ಹೇಳಿಬಿಡಿ. ಶ್ರಾವಣದ ಉಪವಾಸ, ನಾಲ್ಕು ದಿನದ ಭೇದಿ ಕೂಡ ಐಎನ್‌ಆರ್ ಏರಿಸುತ್ತವೆ. ಭೇದಿಗೆ ಅಂಗಡಿಯಿಂದ ಆಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಇರುವ ಮಾತ್ರೆ ತಂದರೆ ಎರಡೂ ಕಡೆ ಹೊಡೆತ: ಐಎನ್‌ಆರ್ ಏರುತ್ತದೆ, ಫಿಟ್ಸ್‌ಗೂ ದಾರಿಯಾಗುತ್ತದೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಟ್ರಮಡಾಲ್ ಬೇಡ. ಪ್ಯಾರಾಸಿಟಮಾಲ್ ಒಂದೆರಡು ದಿನಕ್ಕೆ ಸಾಕು, ದಿನಕ್ಕೆ 2 ಗ್ರಾಂನಂತೆ ವಾರ ನುಂಗಿದರೆ ಅದೂ ಐಎನ್‌ಆರ್ ಏರಿಸಬಲ್ಲದು. ಆಂಟಾಸಿಡ್‌ಗೂ ಎಪ್ಟಾಯಿನ್‌ಗೂ ನಡುವೆ ಎರಡು ಗಂಟೆ ಬಿಡಿ.

ಮಸ್ಸೊಪ್ಪು_ಮುದ್ದೆ:
ಧನ್ಯವಾದ, ಹೃದ್ರೋಗ ವಿಭಾಗಕ್ಕೆ ಫೋನ್ ಮಾಡಿದ್ದಾಯಿತು, ಸಂಜೆಯೇ ಬರಹೇಳಿದ್ದಾರೆ. ಚಕ್ಕೋತ ತಿನ್ನಬಾರದು ಅಂತಾರಲ್ಲ, ಇವರಿಗೂ ಅನ್ವಯವೇ? ಪೆಗ್ ವಿಷಯ ಯಾರೂ ಹೇಳಲಿಲ್ಲ.

ನರತಂತು:
ಚಕ್ಕೋತದ ಜಗಳ ಮುಖ್ಯವಾಗಿ ಟೆಗ್ರಿಟಾಲ್ ಮತ್ತು ಕೊಲೆಸ್ಟರಾಲ್ ಮಾತ್ರೆ ಅಟೊರ್ವಾಸ್ಟಾಟಿನ್ ಜೊತೆ, ಅವುಗಳ ಮಟ್ಟ ರಕ್ತದಲ್ಲಿ ಏರಬಹುದು. ಎಪ್ಟಾಯಿನ್, ಲೆವಿಪಿಲ್‌ಗೆ ಆ ತೊಂದರೆ ಕಾಣೆ.

ಪೆಗ್ ಬೇಡ ಅನ್ನುವುದೇ ನನ್ನ ಮಾತು. ಹಬ್ಬದ ರಾತ್ರಿ ಎರಡು ನಾಲ್ಕಾಗುತ್ತದೆ, ಐಎನ್‌ಆರ್ ಏರುತ್ತದೆ, ರಾತ್ರಿಯ ಎಪ್ಟಾಯಿನ್ ಮರೆತುಹೋಗುತ್ತದೆ, ನಿದ್ದೆಯೂ ಕೆಡುತ್ತದೆ. ಮಾರನೆಯ ಬೆಳಿಗ್ಗೆ ಫಿಟ್ಸ್ ಬರಲು ಇನ್ನೇನು ಬೇಕು? ದಿನಾ ಕುಡಿಯುವವರಾದರೆ ಲೆಕ್ಕವೇ ಬೇರೆ: ಥಟ್ಟನೆ ಬಿಟ್ಟರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಡಾಕ್ಟರಿಗೆ ಹೇಳಿಯೇ ಬಿಡಬೇಕು. ಫ್ರಿಸಿಯಮ್ ಎಂಬ ಫಿಟ್ಸ್ ಮಾತ್ರೆ ಸೇರಿಸಿದ್ದರಂತೂ ಒಂದು ಹನಿಯೂ ಬೇಡ, ಎರಡೂ ಕೂಡಿ ಉಸಿರಾಟವನ್ನೇ ಕುಗ್ಗಿಸುತ್ತವೆ.

ಇನ್ನೊಂದು. ಕುಡಿಯದೇ ತೂರಾಡುತ್ತಿದ್ದರೆ, ಮಾತು ಎಳೆಯುತ್ತಿದ್ದರೆ, ಪಕ್ಕಕ್ಕೆ ನೋಡುವಾಗ ಕಣ್ಣುಗುಡ್ಡೆ ಅದುರುತ್ತಿದ್ದರೆ ಎಪ್ಟಾಯಿನ್ ಮಿತಿಮೀರಿರಬಹುದು. ರಕ್ತದಲ್ಲಿ ಪ್ರತಿ ಮಿ.ಲೀ.ಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. 300ರಿಂದ 400ಕ್ಕೆ ಏರಿಸಿದರೆ ಮಟ್ಟ ಮೂರನೇ ಒಂದು ಭಾಗ ಮಾತ್ರ ಏರುವುದಿಲ್ಲ, ದುಪ್ಪಟ್ಟು ದಾಟಲೂಬಹುದು. ಹೃದಯ ಬಡಿತ ತಪ್ಪಿದೆ ಅಂತ ಅಮಿಯೋಡರೋನ್ ಬರೆದರೂ ಹೀಗೇ, ಎಪ್ಟಾಯಿನ್, ಅಸಿಟ್ರಾಮ್ ಎರಡರ ಪ್ರಭಾವವೂ ಏರುತ್ತದೆ. ಬರೆದ ದಿನವೇ ಎರಡರ ಡೋಸ್ ಬಗ್ಗೆಯೂ ಕೇಳಿಕೊಂಡು ಬನ್ನಿ.