ಗುಲಾಮಗಿರಿ ಕುರಿತ ಚಲನಚಿತ್ರದ ಇತಿಹಾಸವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಸರ್, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬ್ರಿಟನ್ನಿನ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ಹೋರಾಟವನ್ನು ಕುರಿತ 2006ರ ‘ಅಮೇಜಿಂಗ್ ಗ್ರೇಸ್’ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ. ಅದರಲ್ಲಿರುವ ಇತಿಹಾಸ ಸರಿಯಾಗಿದೆಯೇ?

ಉತ್ತರ (ಇತಿಹಾಸ ಅಧ್ಯಾಪಕ): ಖಂಡಿತ ತೋರಿಸಿ ಮೇಡಂ, ಆದರೆ ಕೆಲವನ್ನು ನೀವೇ ತಿದ್ದಿ ಹೇಳಬೇಕಾಗುತ್ತದೆ. ಮೇಲ್ಮನೆಯ ಸದಸ್ಯನಾಗಿದ್ದ ಕ್ಲಾರೆನ್ಸ್ ಡ್ಯೂಕ್ ಚಿತ್ರದಲ್ಲಿ ಕೆಳಮನೆಯಲ್ಲಿ ಕೂತು ವಾದಿಸುತ್ತಾನೆ. ಶೀರ್ಷಿಕೆ ಗೀತೆಯ ಸಾಹಿತ್ಯ 1779ರಲ್ಲೇ ಅಚ್ಚಾಗಿದ್ದರೂ ಇಂದು ನಾವು ಕೇಳುವ ಧಾಟಿ ಅದಕ್ಕೆ ಕೂಡಿಕೊಂಡದ್ದು 1835ರಲ್ಲಿ, ಅಮೆರಿಕದಲ್ಲಿ. ಇಂಥವನ್ನು ಕಥೆಯ ಅನುಕೂಲಕ್ಕೆಂದು ಮನ್ನಿಸಬಹುದು.

ನನಗೆ ಮನ್ನಿಸಲಾಗದ್ದು, ಬಿಡುಗಡೆಯನ್ನು ಒಬ್ಬ ಸಜ್ಜನ ಕೊಟ್ಟ ದಾನದಂತೆ ತೋರಿಸಿರುವುದು. ಸ್ವತಃ ಗುಲಾಮನಾಗಿದ್ದು, ತನ್ನ ಬಿಡುಗಡೆಯ ಬೆಲೆಯನ್ನು ತಾನೇ ದುಡಿದು ತೆತ್ತ ಒಲಾಡಾ ಈಕ್ವಿಯಾನೊ 1789ರಲ್ಲಿ ಆತ್ಮಕಥೆ ಪ್ರಕಟಿಸಿ, ಊರೂರು ತಿರುಗಿ ಅದನ್ನು ಮಾರುತ್ತ ಜನಾಭಿಪ್ರಾಯ ರೂಪಿಸಿದರು. ಚಿತ್ರದಲ್ಲಿ ಅವರಿಗೆ ಸಿಕ್ಕಿರುವುದು ಬೆರಳೆಣಿಕೆಯ ದೃಶ್ಯಗಳು. 1791ರಲ್ಲಿ ಗುಲಾಮರೇ ದಂಗೆಯೆದ್ದು, 1804ರಲ್ಲಿ ಹೈಟಿಯನ್ನು ಸ್ವತಂತ್ರ ರಾಷ್ಟ್ರವೆಂದು ಸಾರಿದ ಹೋರಾಟಕ್ಕಂತೂ ಅಲ್ಲಿ ಜಾಗವೇ ಇಲ್ಲ.

ಚಿತ್ರ ತೋರಿಸುವ ಮೊದಲು ಒಂದು ಕೆಲಸ ಮಾಡಿ. ನಿಷೇಧ ಚಳವಳಿಯವರು ಹಂಚಿದ, ಗುಲಾಮರನ್ನು ಸಾಗಿಸುತ್ತಿದ್ದ ಬ್ರೂಕ್ಸ್ ಎಂಬ ಹಡಗಿನ ನಕ್ಷೆಯಲ್ಲಿ ಒಬ್ಬ ಗಂಡಸಿಗೆ ಲೆಕ್ಕ ಹಾಕಿದ್ದ ಜಾಗ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ಅದನ್ನು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿ. 1788ರ ಕಾಯಿದೆ ಆ ಹಡಗಿಗೆ 454 ಜನರ ಮಿತಿ ಹಾಕಿತ್ತು; ಅದಕ್ಕೂ ಮುಂಚೆ ಅದು 609 ಜನರನ್ನು ತುಂಬಿಕೊಂಡು ಹೋದದ್ದುಂಟು.

ಪ್ರಶ್ನೆ: ಧನ್ಯವಾದಗಳು ಸರ್. ಚಿತ್ರದ ಕೊನೆ ನೋಡಿ, 1807ಕ್ಕೆ ಗುಲಾಮಗಿರಿಯೇ ಮುಗಿಯಿತೆಂದು ನಾನು ತಿಳಿದಿದ್ದೆ. ಅದು ತಪ್ಪೇ?

ಉತ್ತರ: ತಪ್ಪು, ಮೇಡಂ, ಆದರೆ ಬಹಳ ಜನ ಹಾಗೆಯೇ ತಿಳಿದಿದ್ದಾರೆ. 1807ರಲ್ಲಿ 283–16 ಮತಗಳ ಬಹುಮತ ಪಡೆದು ಜಾರಿಗೆ ಬಂದ ಕಾಯಿದೆ ನಿಷೇಧಿಸಿದ್ದು ಗುಲಾಮರ ವ್ಯಾಪಾರವನ್ನು ಮಾತ್ರ. ಆಗಲೇ ಕಬ್ಬಿನ ತೋಟಗಳಲ್ಲಿದ್ದವರು ಗುಲಾಮರಾಗಿಯೇ ಉಳಿದರು. ಜಮೈಕಾದಲ್ಲಿ 1831ರ ಕ್ರಿಸ್‌ಮಸ್ ಹೊತ್ತಿಗೆ ಅವರು ದಂಗೆಯೆದ್ದಾಗ 300ಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು. ಗುಲಾಮಗಿರಿಯನ್ನೇ ರದ್ದುಮಾಡುವ ಕಾಯಿದೆ ಬಂದದ್ದು 1833ರಲ್ಲಿ. ಆಗ 2 ಕೋಟಿ ಪೌಂಡ್ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ 1838ರವರೆಗೂ ಅವರನ್ನು ಅದೇ ಮಾಲೀಕರ ಕೈಕೆಳಗೆ ದುಡಿಸಲಾಯಿತು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಆ ಕಾಯಿದೆ ಹೊರಗಿಟ್ಟಿತ್ತು. ಹೀಗಾಗಿ ಅಂದು ಕಂಪನಿಯ ಆಡಳಿತದಲ್ಲಿದ್ದ ನಮ್ಮ ಮಂಗಳೂರು, ಬಳ್ಳಾರಿಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ, ಬೇರೆಯೇ ಒಂದು ಕಾಯಿದೆಯಿಂದ.